ನೆರೆ ಇಳಿದ ಊರಿಗೆ ಚರ್ಚ್ ಸಭೆಯ ತಂಡ ಹೊರಟಾಗ: ಕೃಷ್ಣಾ, ತುಂಗಭದ್ರಾ ದಂಡೆಯ ಹಳ್ಳಿಗಳಿಗೆ ಒಂದು ಕೆಲಸದ ಕೈಪಿಡಿ

ನೆರೆ ಬಂದ ಮೊದಲ ಮೂರ್ನಾಲ್ಕು ದಿನ ಊರ ಮುಂದಿನ ರಸ್ತೆ ತುಂಬ ಗಾಡಿಗಳು. ಅಕ್ಕಿ ಚೀಲ, ಬಿಸ್ಕತ್ತು, ನೀರಿನ ಬಾಟಲಿ, ಹಳೇ ಬಟ್ಟೆಯ ಗಂಟು ಎಲ್ಲ ಬರುತ್ತವೆ. ಐದನೇ ದಿನ ಗಾಡಿಗಳು ನಿಲ್ಲುತ್ತವೆ. ಆಗ ಮನೆಯೊಳಗೆ ಮೊಣಕಾಲುದ್ದ ರಾಡಿ, ಬಾವಿಯಲ್ಲಿ ಕೆಂಪು ನೀರು, ನೆನೆದ ಜೋಳದ ವಾಸನೆ, ಮಾಳಿಗೆ, ಅಂದರೆ ಮಣ್ಣಿನ ಚಾವಣಿ, ಯಾವಾಗ ಕುಸಿಯುತ್ತದೋ ಎಂಬ ಭಯ ಇಷ್ಟೇ ಉಳಿದಿರುತ್ತವೆ. ಚರ್ಚಿನ ತಂಡ ಹೋಗಬೇಕಾದದ್ದು ಆ ಐದನೇ ದಿನ. ಹಂಚುವುದಕ್ಕೆ ಬೇಕಾದಷ್ಟು ಕೈಗಳಿವೆ, ರಾಡಿ ತೆಗೆಯುವುದಕ್ಕೆ ಇಲ್ಲ. ಈ ಕೈಪಿಡಿ ಆ ಕೆಲಸಕ್ಕಾಗಿ. ಒಂದು ಸಭೆಯ ಹದಿನಾಲ್ಕು ಮಂದಿ ಒಂದೇ ಊರಿನಲ್ಲಿ ಆರು ದಿನ ಇದ್ದು ಏನು ಮಾಡಬಹುದು, ಹೇಗೆ ಮಾಡಬೇಕು ಎಂಬುದನ್ನು ಇಲ್ಲಿ ಹೇಳಿದೆ.

ಯಾವ ನೀರು ಬಂದಿದೆ ಎಂದು ಮೊದಲು ತಿಳಿಯಿರಿ

ನಮ್ಮ ಕಡೆ ನೆರೆ ಎರಡು ಬಗೆ, ಎರಡಕ್ಕೂ ತಯಾರಿ ಬೇರೆ. ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ಸುರಿದು, ಆಲಮಟ್ಟಿ ತುಂಬಿ, ನಾರಾಯಣಪುರದಿಂದ ನೀರು ಬಿಟ್ಟಾಗ ಲಿಂಗಸುಗೂರು, ದೇವದುರ್ಗ, ರಾಯಚೂರು ತಾಲ್ಲೂಕುಗಳ ಕೃಷ್ಣಾ ದಂಡೆಗೆ ನೀರು ಏರುತ್ತದೆ. ಮಲೆನಾಡಿನ ಮಳೆಯಿಂದ ತುಂಗಭದ್ರೆ ಉಕ್ಕಿದರೆ ಗಂಗಾವತಿ, ಕಂಪ್ಲಿ, ಸಿರುಗುಪ್ಪ, ಸಿಂಧನೂರು, ಮಾನ್ವಿ ಕಡೆಯ ಹಳ್ಳಿಗಳ ಸರದಿ. ಇದು ಹೆಚ್ಚಾಗಿ ಜುಲೈ, ಆಗಸ್ಟಿನಲ್ಲಿ. ಮುನ್ಸೂಚನೆ ಸಿಗುತ್ತದೆ, ಮಂದಿ ಬಹುಮಟ್ಟಿಗೆ ಹೊರಬಂದಿರುತ್ತಾರೆ. ಆದರೆ ನೀರು ದಿನಗಟ್ಟಲೆ ನಿಂತು ಹೂಳು ಬಿಟ್ಟು ಹೋಗುತ್ತದೆ. ಇಲ್ಲಿ ಸಲಿಕೆ, ಪುಟ್ಟಿ (ಮಣ್ಣು ಹೊರುವ ಬುಟ್ಟಿ) ಮುಖ್ಯ.

ಎರಡನೆಯದು 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರದಲ್ಲಿ ಬಂದಂಥದ್ದು. ಇದ್ದಲ್ಲೇ ಹಗಲು ರಾತ್ರಿ ಮಳೆ ಹಿಡಿದು, ಹಳ್ಳ ಕೊಳ್ಳ ಒಂದಾಗಿ, ಮಣ್ಣಿನ ಮಾಳಿಗೆಗಳು ನೆನೆದು ಬೀಳುವುದು. ಇಲ್ಲಿ ಹೂಳಿಗಿಂತ ಗೋಡೆ ದೊಡ್ಡ ಅಪಾಯ. ತಂಡದಲ್ಲಿ ಗೌಂಡಿ ಇಲ್ಲದೆ ಹೋಗಬೇಡಿ.

ಹೊರಡುವ ಮುಂಚೆ ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿಗೆ, 1077ಕ್ಕೆ, ಕರೆ ಮಾಡಿ ಜಲಾಶಯದ ಹೊರಹರಿವು ಮತ್ತು ರಸ್ತೆ ಸ್ಥಿತಿ ಕೇಳಿ. ಶೀಲಹಳ್ಳಿ, ಹೂವಿನಹೆಡಗಿ, ಕಂಪ್ಲಿ ಸೇತುವೆಗಳು ಹೊರಹರಿವು ಏರಿದಾಗ ಮುಳುಗುವಂಥವು. ಹೋಗುವಾಗ ತೆರೆದಿದ್ದ ದಾರಿ ಬರುವಾಗ ಇರದಿರಬಹುದು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ನದಿಯ ಲೆಕ್ಕ ಒಂದೇ ರಾತ್ರಿಯಲ್ಲಿ ಬದಲಾಯಿತು. ಆದ್ದರಿಂದ ಊರಲ್ಲಿದ್ದಾಗಲೂ ದಿನ ಬೆಳಿಗ್ಗೆ, ಸಂಜೆ ಹೊರಹರಿವು ಕೇಳುವ ಕೆಲಸ ಒಬ್ಬರಿಗೆ ವಹಿಸಿ. ಸೇತುವೆ ಮೇಲೆ ಪಾದ ಮುಳುಗುವಷ್ಟು ನೀರು ಹರಿಯುತ್ತಿದ್ದರೂ ಗಾಡಿ ದಾಟಿಸಬೇಡಿ. ಹರಿಗೋಲು, ತೆಪ್ಪದಲ್ಲಿ ನಡುಗಡ್ಡೆಗಳಿಗೆ ಹೋಗುವ ಸಾಹಸವೂ ಬೇಡ. ಅದು ಎನ್‌ಡಿಆರ್‌ಎಫ್ (ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆ) ಮತ್ತು ಅಗ್ನಿಶಾಮಕ ದಳದವರ ಕೆಲಸ.

ಅನುಮತಿ, ಹಣ

ಸಭೆಯ ಲೆಟರ್‌ಹೆಡ್ಡಿನಲ್ಲಿ ತಹಶೀಲ್ದಾರರಿಗೆ ಒಂದು ಪುಟದ ಪತ್ರ ಕೊಡಿ: ಯಾವ ಊರು, ಎಷ್ಟು ಮಂದಿ, ಎಷ್ಟು ದಿನ, ಏನು ಕೆಲಸ, ಎಲ್ಲಿ ಉಳಿಯುವುದು, ಯಾರ ಫೋನ್ ನಂಬರ್. ಪ್ರತಿಯನ್ನು ಪಂಚಾಯ್ತಿ ಪಿಡಿಒ ಅವರಿಗೂ ಪೊಲೀಸ್ ಠಾಣೆಗೂ ಕೊಟ್ಟು ಸ್ವೀಕೃತಿ ಹಾಕಿಸಿಕೊಳ್ಳಿ. ಕ್ರೈಸ್ತರ ತಂಡ ಏಕೆ ಬಂತು ಎಂದು ಯಾರಾದರೂ ಕೇಳಿದರೆ ಆ ಸ್ವೀಕೃತಿಯೇ ಮಾತಾಡುತ್ತದೆ.

ಕಾಣಿಕೆ ಎತ್ತಿದ ಹಣ ಸಭೆಯ ಖಾತೆಗೇ ಬರಬೇಕು. ಸಭಾಪಾಲಕರ ಖಾತೆಗೋ ಯೌವನಸ್ಥರ ನಾಯಕನ ಫೋನ್‌ಪೇಗೋ ಬರಬಾರದು. ಹೊರದೇಶದಿಂದ ಯಾರಾದರೂ ಕಳಿಸುತ್ತೇನೆಂದರೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಇರುವ ಸಂಸ್ಥೆಗಷ್ಟೇ ಅದು ಬರಬಹುದು. 2020ರ ತಿದ್ದುಪಡಿಯ ನಂತರ ಆ ಸಂಸ್ಥೆಯೂ ಅದನ್ನು ನಿಮಗೆ ದಾಟಿಸುವಂತಿಲ್ಲ. ಇದರಲ್ಲಿ ಎಡವಿದರೆ ಮುಂದಿನ ನೆರೆಗೆ ನಿಮ್ಮ ಸಭೆ ಹೊರಡುವಂತೆಯೇ ಇರುವುದಿಲ್ಲ.

ತಂಡ ಮತ್ತು ಸಾಮಾನು

ಹದಿನಾಲ್ಕರಲ್ಲಿ ಎಂಟು ಮಂದಿ ರಾಡಿ ಕೆಲಸಕ್ಕೆ. ಉಳಿದವರು ಒಬ್ಬ ಗೌಂಡಿ, ಒಬ್ಬ ವೈರಿಂಗ್ ಬಲ್ಲವನು, ಒಬ್ಬ ನರ್ಸ್, ಪಟ್ಟಿ ಮತ್ತು ಲೆಕ್ಕ ನೋಡುವವರು ಒಬ್ಬರು, ಅಡುಗೆಗೆ ಇಬ್ಬರು. ಕನಿಷ್ಠ ನಾಲ್ಕು ಮಂದಿ ಹೆಣ್ಣುಮಕ್ಕಳಿರಲಿ. ಗಂಡಸರಷ್ಟೇ ಹೋದ ತಂಡಕ್ಕೆ ಊರಿನ ಅರ್ಧ ಕಷ್ಟ ಗೊತ್ತೇ ಆಗುವುದಿಲ್ಲ. ಹದಿನೆಂಟು ತುಂಬದವರನ್ನು ಕರೆದೊಯ್ಯಬೇಡಿ. ಎಲ್ಲರೂ ಹೊರಡುವ ಮುಂಚೆ ಧನುರ್ವಾಯು ಚುಚ್ಚುಮದ್ದು ಹಾಕಿಸಿಕೊಂಡಿರಬೇಕು. ರಾಡಿಯೊಳಗಿನ ಮೊಳೆ, ತಗಡು, ಗಾಜು ಕಣ್ಣಿಗೆ ಬೀಳುವುದಿಲ್ಲ.

ಸಲಿಕೆ 8, ಗುದ್ದಲಿ 4, ಹಾರೆ 2, ಪುಟ್ಟಿ 20, ಕೈಗಾಡಿ 2, ಮೊಣಕಾಲವರೆಗಿನ ಗಂಬೂಟು ಹತ್ತು ಜೊತೆ, ದಪ್ಪ ರಬ್ಬರ್ ಕೈಗವಸು ಇಪ್ಪತ್ತು ಜೊತೆ, ಟೆಸ್ಟರ್, ಟಾರ್ಚು, ನೂರು ಅಡಿಯ ಎರಡು ಹಗ್ಗ, 4 ಇಂಚು ದಪ್ಪದ ಸರ್ವೆ ಕಂಬ ಹತ್ತು, ಹಲಗೆ ತುಂಡು ಇಪ್ಪತ್ತು, ತಾಡಪತ್ರಿ, ಬ್ಲೀಚಿಂಗ್ ಪೌಡರ್ 25 ಕಿಲೋ, ಕ್ಲೋರಿನ್ ಪರೀಕ್ಷೆಯ ಕಿಟ್ ಒಂದು. ಪುಟ್ಟಿ ಇಪ್ಪತ್ತೇಕೆಂದರೆ ರಾಡಿ ಸಾಗಿಸುವಾಗ ಅರ್ಧ ಹೋಗುತ್ತಿರುತ್ತವೆ, ಅರ್ಧ ಬರುತ್ತಿರುತ್ತವೆ. ಎಂಟು ಪುಟ್ಟಿ ಇದ್ದರೆ ಎಂಟು ಮಂದಿಯಲ್ಲಿ ನಾಲ್ವರು ನಿಂತೇ ಇರುತ್ತಾರೆ.

ತಂಡದ ಊಟ, ನೀರು, ಹಾಸಿಗೆ ತಂಡದ್ದೇ. ಮನೆ ಕಳೆದುಕೊಂಡವರು ಕೂಡ ಬಂದವರಿಗೆ ಚಹಾ ಕಾಯಿಸುವ ಮಂದಿ ನಮ್ಮವರು. ಅದನ್ನು ಬೇಡವೆನ್ನಬೇಡಿ. ಊಟಕ್ಕೆ ಮಾತ್ರ ಅವರ ಮೇಲೆ ಬೀಳಬೇಡಿ.

ಕೊಡುವುದಕ್ಕೆ ಏನಾದರೂ ಒಯ್ಯುವುದಾದರೆ

ಗಿರಣಿಗೆ ನೀರು ನುಗ್ಗಿರುತ್ತದೆ, ಇಲ್ಲವೇ ಕರೆಂಟ್ ಇರುವುದಿಲ್ಲ. ಜೋಳ ಒಯ್ದರೆ ಬೀಸುವವರಿಲ್ಲ, ಹಿಟ್ಟು ಒಯ್ದರೆ ಒಲೆ ಒಣಗಿರುವುದಿಲ್ಲ. ಆದ್ದರಿಂದ ಸ್ತ್ರೀ ಸಮಾಜದವರು ಒಂದು ದಿನ ಕೂತು ಖಡಕ್ ರೊಟ್ಟಿ ಬಡಿದು ಕೊಡುವುದು ಎಲ್ಲಕ್ಕಿಂತ ಒಳ್ಳೆಯದು. ಐದು ಮಂದಿಯ ಮನೆಗೆ ಹೊತ್ತಿಗೆ ತಲಾ ಮೂರರಂತೆ ದಿನಕ್ಕೆ 30 ರೊಟ್ಟಿ, ಮೂರು ದಿನಕ್ಕೆ 90. ಜೊತೆಗೆ ಅರ್ಧ ಕಿಲೋ ಶೇಂಗಾ ಹಿಂಡಿ. ರೊಟ್ಟಿ ಪೂರ್ತಿ ಆರಿ ಒಣಗಿದ ಮೇಲೆಯೇ ಕಟ್ಟಿ. ಬಿಸಿ ಇರುವಾಗ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದರೆ ಬೆವರು ಬಂದು ಮೂರನೇ ದಿನಕ್ಕೆ ಬೂಸ್ಟು ಹಿಡಿಯುತ್ತದೆ.

ಮುಚ್ಚಳವಿರುವ 20 ಲೀಟರಿನ ಕ್ಯಾನು, ಸೊಳ್ಳೆ ಪರದೆ, ಲಂಗ, ಒಳಉಡುಪು, ಮುಟ್ಟಿನ ಪ್ಯಾಡು, ಸಾಬೂನು ಇವೆಲ್ಲ ಹೊಸವೇ ಇರಲಿ. ಹಳೇ ಬಟ್ಟೆ ಬೇಡ. ಅವು ಬಸ್ ಸ್ಟ್ಯಾಂಡಿನ ಮುಂದೆ ಮಳೆಗೆ ನೆನೆದು ಕೊಳೆಯುತ್ತವೆ, ಕೊನೆಗೆ ಅದನ್ನೂ ಎತ್ತಿಹಾಕುವ ಕೆಲಸ ಊರವರ ತಲೆಗೇ ಬರುತ್ತದೆ.

ಮೊದಲ ದಿನ: ನಡೆಯುವುದು, ಕೇಳುವುದು, ಬರೆಯುವುದು

ಮೊದಲ ದಿನ ಏನನ್ನೂ ಹಂಚಬೇಡಿ. ಇಬ್ಬಿಬ್ಬರಂತೆ, ಒಬ್ಬ ಹೆಣ್ಣು ಒಬ್ಬ ಗಂಡು, ಕೇರಿ ಕೇರಿ ನಡೆಯಿರಿ. ನದಿಗೆ ಹತ್ತಿರ, ತಗ್ಗಿನಲ್ಲಿ ಇರುವ ಕೇರಿಯಿಂದ ಶುರುಮಾಡಿ. ನಮ್ಮ ಹಳ್ಳಿಗಳಲ್ಲಿ ಅದು ಸಾಮಾನ್ಯವಾಗಿ ದಲಿತರ ಕೇರಿ. ನೀರು ಮೊದಲು ಹೊಕ್ಕು ಕಡೆಗೆ ಹೊರಡುವುದು ಅಲ್ಲಿಯೇ, ಗಾಡಿಗಳು ಕಡೆಗೆ ಮುಟ್ಟುವುದೂ ಅಲ್ಲಿಯೇ. ಹೊಸ್ತಿಲಲ್ಲಿ ನಿಂತು, "ಯವ್ವಾ, ಒಳಗ ಬರ್ಲೇನ್ರಿ?" ಎಂದು ಕೇಳಿ. ಗೋಡೆ ಅರ್ಧ ಬಿದ್ದಿದ್ದರೂ ಅದು ಒಬ್ಬರ ಮನೆ.

ಪ್ರತಿ ಮನೆಗೆ ಒಂದು ಸಾಲು: ಮನೆ ಯಜಮಾನಿಯ ಹೆಸರು, ತಲೆ ಎಷ್ಟು, ಹಸುಗೂಸು, ಬಸುರಿ, ಬಾಣಂತಿ, ನಡೆಯಲಾಗದ ಹಿರಿಯರು, ಮಾಳಿಗೆಯೋ ತಗಡೋ ಆರ್‌ಸಿಸಿಯೋ, ರಾಡಿ ಎಷ್ಟು ಇಂಚು, ದನ ಕುರಿ ಎಷ್ಟು. ಒಂಟಿ ಹೆಂಗಸರು, ದುಡಿಯುವ ಮಕ್ಕಳು ಬೆಂಗಳೂರಿಗೋ ಗೋವೆಗೋ ಗುಳೆ ಹೋದ ಮುದುಕರು ಇರುವ ಮನೆಗಳಿಗೆ ಗುರುತು ಹಾಕಿ. ನಿಮ್ಮ ಕೆಲಸದ ಸರದಿ ಈ ಗುರುತಿನಿಂದಲೇ ಶುರುವಾಗಲಿ. ಊರಲ್ಲಿ ನಾಲ್ಕು ಕ್ರೈಸ್ತ ಮನೆಗಳಿದ್ದರೆ ಅವು ತಮ್ಮ ಸರದಿಗೇ ಬರಲಿ. ಮೊದಲು ಅವರ ಮನೆಗೆ ಸಲಿಕೆ ಹಿಡಿದರೆ ಇಡೀ ಊರು ನಿಮ್ಮನ್ನು ಬೇರೆ ಕಣ್ಣಿನಿಂದ ನೋಡುತ್ತದೆ, ನೀವು ಊರು ಬಿಟ್ಟ ಮೇಲೆ ಆ ನಾಲ್ಕು ಮನೆಗಳೇ ಅದನ್ನು ಉಣ್ಣಬೇಕಾಗುತ್ತದೆ.

ಸಂಜೆ ಆ ಪಟ್ಟಿಯನ್ನು ಆಶಾ ಕಾರ್ಯಕರ್ತೆ, ಅಂಗನವಾಡಿ ಅಕ್ಕ, ಊರಿನ ಇಬ್ಬರು ಹಿರಿಯರ ಮುಂದೆ ಓದಿ. ಬಿಟ್ಟುಹೋದ ಮನೆ ಅವರಿಗೆ ಗೊತ್ತಿರುತ್ತದೆ.

ಸಲಿಕೆ ಹಾಕುವ ಮುಂಚೆ ದಾಖಲೆ

ಒಳ್ಳೆಯ ಮನಸ್ಸಿನ ತಂಡಗಳು ಹೆಚ್ಚು ಹಾನಿ ಮಾಡುವುದು ಇಲ್ಲಿಯೇ. ಗ್ರಾಮ ಆಡಳಿತ ಅಧಿಕಾರಿ, ಅಂದರೆ ಹಿಂದಿನ ಗ್ರಾಮ ಲೆಕ್ಕಿಗರು, ಬಂದು ಪಂಚನಾಮೆ ಮಾಡುವ ಮುಂಚೆ ನೀವು ಮನೆ ಥಳಥಳ ಮಾಡಿಟ್ಟರೆ, ನೀರು ಹೊಕ್ಕಿದ್ದಕ್ಕೆ ಸಾಕ್ಷಿ ಉಳಿಯುವುದಿಲ್ಲ.

ಪ್ರತಿ ಮನೆಗೆ ಐದು ಫೋಟೊ ತೆಗೆಯಿರಿ: ಮನೆಯವರು ಬಾಗಿಲ ಮುಂದೆ ನಿಂತಿದ್ದು, ಗೋಡೆಯ ಮೇಲಿನ ನೀರಿನ ಗೆರೆ, ರಾಡಿಯಲ್ಲಿ ನಿಲ್ಲಿಸಿದ ಅಳತೆ ಟೇಪು, ಬಿರುಕು ಅಥವಾ ಬಿದ್ದ ಭಾಗ, ಹಾಳಾದ ಸಾಮಾನು. ಫೋನಿನಲ್ಲಿ ದಿನಾಂಕ, ಸ್ಥಳ ದಾಖಲಾಗುವಂತಿರಲಿ. ಫೋಟೊಗಳು ಮನೆಯವರ ಫೋನಿಗೆ ಹೋಗಬೇಕು, ನಿಮ್ಮ ಸಭೆಯ ವಾಟ್ಸಾಪ್ ಗುಂಪಿಗಲ್ಲ. ಬಿದ್ದ ಮನೆಯನ್ನು ಹಾನಿಯ ಪ್ರಮಾಣ ನೋಡಿ ಎ, ಬಿ, ಸಿ ಎಂದು ವಿಂಗಡಿಸುತ್ತಾರೆ. ಪರಿಹಾರ ನಿಂತಿರುವುದು ಆ ಒಂದು ಅಕ್ಷರದ ಮೇಲೆ. ಗೌಂಡಿ ಬಿರುಕುಗಳನ್ನು ಅಳೆದು ಬರೆದುಕೊಟ್ಟ ಚೀಟಿ ಮನೆಯವರ ಕೈಯಲ್ಲಿದ್ದರೆ ಅಧಿಕಾರಿಯ ಮುಂದೆ ಮಾತಾಡುವ ಧೈರ್ಯ ಬರುತ್ತದೆ.

2022-26ರ ಕೇಂದ್ರ ಮಾನದಂಡದಲ್ಲಿ ಬಯಲು ಪ್ರದೇಶದಲ್ಲಿ ಪೂರ್ತಿ ಬಿದ್ದ ಮನೆಗೆ 1,20,000 ರೂಪಾಯಿ, ಹಾಲು ಕೊಡುವ ಆಕಳು, ಎಮ್ಮೆ ಸತ್ತರೆ 37,500, ಕುರಿ ಆಡಿಗೆ 4,000 ನಿಗದಿಯಾಗಿದೆ. ರಾಜ್ಯ ಸರ್ಕಾರ ಇದರ ಮೇಲೆ ಸೇರಿಸಿ ಕೊಟ್ಟದ್ದೂ ಉಂಟು. ಸತ್ತ ದನವನ್ನು ಪಶುವೈದ್ಯರು ನೋಡಿ ಬರೆದುಕೊಡುವ ಮುಂಚೆ ಹೂಳಬೇಡಿ, 1962ಕ್ಕೆ ಕರೆ ಮಾಡಿ. ಆ ಮಾನದಂಡದಲ್ಲಿ ಹೊಲದ ಹೂಳಿಗೂ ಒಂದು ಗೆರೆ ಇದೆ. 3 ಇಂಚಿಗಿಂತ ಹೆಚ್ಚು ಹೂಳು ಕೂತಿದ್ದರಷ್ಟೇ ಅದನ್ನು ತೆಗೆಯಲು ಹೆಕ್ಟೇರಿಗೆ 18,000 ರೂಪಾಯಿ ಸಿಗುತ್ತದೆ, ಬೆಳೆ ಪರಿಹಾರಕ್ಕೆ ಶೇ 33 ಅಥವಾ ಅದಕ್ಕಿಂತ ಹೆಚ್ಚು ಹಾನಿಯಾಗಿರಬೇಕು. ಹೊಲದ ನಾಲ್ಕು ಮೂಲೆ ಮತ್ತು ನಡುವೆ ಗುಂಡಿ ತೋಡಿ, ಹಳೇ ಎರೆಮಣ್ಣು ಕಾಣುವವರೆಗೆ ಟೇಪು ಇಳಿಸಿ ಫೋಟೊ ತೆಗೆಯಿರಿ. ಹಳೇ ಮಣ್ಣಿಗೂ ಹೊಸ ಹೂಳಿಗೂ ಬಣ್ಣದಲ್ಲೇ ವ್ಯತ್ಯಾಸ ಕಾಣುತ್ತದೆ.

ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್ ನೆನೆದಿದ್ದರೆ ಬಿಸಿಲಿಗೆ ಹಿಡಿಯಬೇಡಿ, ಅಂಟಿಕೊಂಡ ಹಾಳೆಗಳನ್ನು ಎಳೆಯಬೇಡಿ. ಹಳೇ ಪತ್ರಿಕೆಯ ನಡುವೆ ಇಟ್ಟು ನೆರಳಲ್ಲಿ ಒಣಗಿಸಿ.

ಒಳಗೆ ಕಾಲಿಡುವ ಮುಂಚೆ

ಮಾಳಿಗೆ ಮನೆಯ ಲೆಕ್ಕ ತಿಳಿದಿರಲಿ. 10 ಅಡಿಗೆ 12 ಅಡಿಯ ಒಂದು ಖೋಲಿಯ ಮೇಲೆ 9 ಇಂಚು ಮಣ್ಣಿದ್ದರೆ, ನೆನೆದಾಗ ಅದರ ತೂಕ ನಾಲ್ಕರಿಂದ ಐದು ಟನ್. ಅಷ್ಟನ್ನೂ ಹೊತ್ತಿರುವುದು ಕೆಲವು ಜಂತಿ, ಒಂದೆರಡು ತೊಲೆ, ಬುಡ ನೆನೆದ ಗೋಡೆ. ಮಳೆ ನಿಂತು ಬಿಸಿಲು ಬಂದ ಮೇಲೆ ಅಪಾಯ ಕಳೆಯಿತು ಎಂದುಕೊಳ್ಳುತ್ತಾರೆ. ಹಾಗಲ್ಲ. ಗೋಡೆಯ ಮೇಲ್ಮೈ ಒಣಗಿ ಬಿರಿಯುತ್ತದೆ, ಒಳಗಿನ ಮಣ್ಣು ಇನ್ನೂ ಹಸಿ ಇರುತ್ತದೆ. ಬಿಸಿಲು ಬಿದ್ದ ಎರಡನೇ, ಮೂರನೇ ದಿನವೂ ಗೋಡೆ ಬೀಳಬಹುದು.

ಗೌಂಡಿ ಹೊರಗಿನಿಂದ ಒಂದು ಸುತ್ತು ಹಾಕಲಿ. ಗೋಡೆ ಹೊಟ್ಟೆ ಬಿಟ್ಟಿದೆಯೇ, ಮೂಲೆ ಬಾಯಿ ಬಿಟ್ಟಿದೆಯೇ, ಬಾಗಿಲ ಚೌಕಟ್ಟು ಓರೆಯಾಗಿ ಬಾಗಿಲು ಸಿಕ್ಕಿಕೊಂಡಿದೆಯೇ, ಮಾಳಿಗೆ ನಡುವೆ ತಗ್ಗಾಗಿ ನೀರು ನಿಂತಿದೆಯೇ? ಇವುಗಳಲ್ಲಿ ಒಂದಿದ್ದರೂ ಆ ಮನೆಯೊಳಗೆ ಯಾರೂ ಹೋಗಬಾರದು. ಬಾಗಿಲಿಗೆ ಕೆಂಪು ಬಟ್ಟೆ ಕಟ್ಟಿ, ರಾತ್ರಿ ಅಲ್ಲಿ ಮಲಗದಂತೆ ಮನೆಯವರಿಗೆ ಬಿಡಿಸಿ ಹೇಳಿ. ಬರಿಯ ತೊಲೆಯಷ್ಟೇ ಬಾಗಿದ್ದರೆ ಕೆಳಗೆ ಹಲಗೆ ಇಟ್ಟು, ಮೇಲೂ ಹಲಗೆ ಇಟ್ಟು, ನಡುವೆ ಸರ್ವೆ ಕಂಬ ಬಿಗಿಯಾಗಿ ನಿಲ್ಲಿಸಬಹುದು. ಕೆಳಗಿನ ಹಲಗೆ ಮರೆತರೆ ಕಂಬ ಹಸಿ ನೆಲಕ್ಕೆ ಮೊಳೆಯಂತೆ ಇಳಿಯುತ್ತದೆ. ಕಂಬ ಕೊಡುವುದು ಗೌಂಡಿಯ ಕೆಲಸ, ಉತ್ಸಾಹಿ ಹುಡುಗರದ್ದಲ್ಲ. ಮಾಳಿಗೆ ಮೇಲೆ ಯಾರೂ ಹತ್ತಬಾರದು.

ಕರೆಂಟಿನ ವಿಷಯ ಚಿಕ್ಕದು, ಆದರೆ ಕಟ್ಟುನಿಟ್ಟು. ಊರಿನ ಲೈನ್ ಆಫ್ ಆಗಿದೆ ಎಂದು ವಿದ್ಯುತ್ ಕಂಪನಿ ಜೆಸ್ಕಾಂನವರ ಬಾಯಿಂದ ಕೇಳಿ, ಸಹಾಯವಾಣಿ 1912. ಆಮೇಲೂ ಮನೆಯ ಮೇನ್ ಇಳಿಸಿ, ಟೆಸ್ಟರ್ ಹಿಡಿದು ನೋಡಿ. ತಗಡಿನ ಮನೆಯಾದರೆ ತಗಡನ್ನೂ ಪರೀಕ್ಷಿಸಿ. ನೀರು ಹೊಕ್ಕ ಸ್ವಿಚ್ ಬೋರ್ಡ್ ಬಿಚ್ಚಿ, ಒಣಗಿಸಿ, ಬಲ್ಲವರು ನೋಡುವವರೆಗೆ ಮೇನ್ ಏರಿಸಬಾರದು.

ಇನ್ನು ಹಾವು. ನೀರಿಗೆ ಹೆದರಿ ಬಂದ ನಾಗರ, ಕೊಳಕುಮಂಡಲಗಳು ಮೂಲೆ, ಒಲೆಯ ಸಂದು, ಕಟ್ಟಿಗೆಯ ಒಟ್ಟಿಲು, ಜಂತಿಯ ಸೆರೆಯಲ್ಲಿ ಕೂತಿರುತ್ತವೆ. ಕೈ ಹಾಕುವ ಮುಂಚೆ ಉದ್ದ ಕೋಲಿನಿಂದ ಬಡಿದು ಎರಡು ನಿಮಿಷ ಬಿಡಿ. ಕಚ್ಚಿದರೆ ಕೊಯ್ಯಬಾರದು, ಹೀರಬಾರದು, ಬಿಗಿಯಾಗಿ ಕಟ್ಟಬಾರದು. ಕಚ್ಚಿದ ಭಾಗ ಅಲುಗದಂತೆ ಮಲಗಿಸಿ 108ಕ್ಕೆ ಕರೆ ಮಾಡಿ. ಹಾವಿನ ವಿಷದ ಔಷಧ ಯಾವ ಆಸ್ಪತ್ರೆಯಲ್ಲಿದೆ ಎಂದು ಊರು ಮುಟ್ಟಿದ ದಿನವೇ ಕೇಳಿ ಬರೆದಿಟ್ಟುಕೊಂಡಿರಿ.

ರಾಡಿ

10 ಅಡಿಗೆ 12 ಅಡಿಯ ಖೋಲಿಯಲ್ಲಿ 6 ಇಂಚು ರಾಡಿ ಎಂದರೆ ಹೆಚ್ಚುಕಡಿಮೆ ಮೂರು ಟನ್. ಪುಟ್ಟಿಗೆ 15 ಕಿಲೋ ಹಿಡಿದರೆ 200 ಪುಟ್ಟಿ. ಆರು ಮಂದಿ ಸಾಲು ನಿಂತರೆ ಎರಡರಿಂದ ಮೂರು ತಾಸಿನ ಕೆಲಸ. ಎಂಟು ಮಂದಿಯ ತಂಡ ಒಂದು ದಿನಕ್ಕೆ ಮೂರು ಖೋಲಿ ಮುಗಿಸಬಲ್ಲದು, ಅದಕ್ಕಿಂತ ಹೆಚ್ಚು ಮಾತು ಕೊಡಬೇಡಿ. ಪುಟ್ಟಿ ತುಂಬ ತುಂಬಿದರೆ ಎರಡನೇ ದಿನ ಬೆನ್ನು ಏಳುವುದಿಲ್ಲ. ಮುಕ್ಕಾಲು ಸಾಕು.

ಎರೆಭೂಮಿಯ ಹೂಳಿಗೆ ಒಂದು ಹದ ಇದೆ. ತೀರ ಹಸಿ ಇದ್ದಾಗ ಸಲಿಕೆಗೆ ಅಂಟಿ ಬಿಡುವುದಿಲ್ಲ, ಒಮ್ಮೊಮ್ಮೆ ಎರಡು ಬಾರಿ ಕೆರೆಯಬೇಕಾಗುತ್ತದೆ. ಪೂರ್ತಿ ಒಣಗಿದರೆ ಬಿರಿದು ಕಲ್ಲಾಗುತ್ತದೆ, ಕೀಳುವಾಗ ಗೋಡೆಯ ಗಿಲಾವನ್ನೂ ನೆಲದ ಸಾರಣೆಯನ್ನೂ ಕಿತ್ತುಕೊಂಡು ಬರುತ್ತದೆ. ಮೇಲೆ ತೆಳುವಾದ ಪದರ ಒಣಗಿ, ಹೆಬ್ಬೆರಳು ಒತ್ತಿದರೆ ಗುರುತು ಉಳಿದು ಬೆರಳಿಗೆ ಅಂಟದಿದ್ದರೆ ಅದೇ ಹದ. ಆಗ ಸಲಿಕೆಯಿಂದ ಇಟ್ಟಿಗೆಯಂತೆ ಕೊಯ್ದು ಎತ್ತಬಹುದು. ಬಿಸಿಲಿದ್ದರೆ ನೀರು ಇಳಿದ ಎರಡು ಮೂರು ದಿನಕ್ಕೆ ಈ ಹದ ಬರುತ್ತದೆ, ಹೆಚ್ಚು ದಿನ ನಿಲ್ಲುವುದಿಲ್ಲ. ಹೀಗಾಗಿ ಬಿಸಿಲು ಬೀಳುವ ಖೋಲಿಗಳನ್ನು ಮೊದಲು, ಕತ್ತಲೆ ಖೋಲಿಗಳನ್ನು ಆಮೇಲೆ ಹಿಡಿಯಿರಿ.

ಮಣ್ಣಿನ ಗೋಡೆಯ ಮನೆಯಲ್ಲಿ ಒಳಗಿನ ರಾಡಿ, ಹೊರಗಿನ ರಾಡಿ ಜೊತೆಜೊತೆಗೆ ಇಳಿಯಬೇಕು. ಹೊರಗೆ ಗೋಡೆಗೆ ಎರಡು ಅಡಿ ಹೂಳು ಒತ್ತಿಕೊಂಡಿದ್ದು ಒಳಗಿನದನ್ನಷ್ಟೇ ಖಾಲಿ ಮಾಡಿದರೆ, ಆ ಒತ್ತಡ ನೆನೆದ ಗೋಡೆಯನ್ನು ಒಳಕ್ಕೆ ತಳ್ಳುತ್ತದೆ. ಕೆಲಸ ಮಾಡುವವರು ಇರುವುದು ಒಳಗೇ. ಅರ್ಧ ಅಡಿ ಹೊರಗೆ, ಅರ್ಧ ಅಡಿ ಒಳಗೆ, ಹೀಗೆ ಇಳಿಸುತ್ತ ಹೋಗಿ. ಗೋಡೆಯ ಬುಡಕ್ಕೆ ಗುದ್ದಲಿ ಹಾಕಬೇಡಿ, ಕಡೆಯ ನಾಲ್ಕು ಬೆರಳಿನಷ್ಟನ್ನು ಕೈಯಿಂದ ಕೆರೆಯಿರಿ. ಪೈಪಿನಿಂದ ನೀರು ಹೊಡೆದು ತೊಳೆಯುವುದು ಸಿಮೆಂಟ್ ಮನೆಗೆ ಸರಿ, ಮಣ್ಣಿನ ಗೋಡೆಗೆ ಅದೇ ಎರಡನೇ ನೆರೆ.

ತೆಗೆದ ರಾಡಿ ಗೋಡೆಯಿಂದ ಕನಿಷ್ಠ ಹತ್ತು ಅಡಿ ದೂರ ಬೀಳಲಿ, ಚರಂಡಿಗೆ ಬೀಳದಿರಲಿ. ಊರಿನ ಚರಂಡಿ ಮುಚ್ಚಿದರೆ ಮುಂದಿನ ಮಳೆಗೆ ಅದೇ ಮನೆಗೆ ನೀರು. ಎಲ್ಲಿ ಸುರಿಯಬೇಕೆಂದು ಪಿಡಿಒ ಅವರನ್ನು ಕೇಳಿ ಮೊದಲ ದಿನವೇ ಜಾಗ ಗೊತ್ತುಮಾಡಿ. ರಾಡಿಯಲ್ಲಿ ಸಿಕ್ಕ ಪ್ರತಿ ವಸ್ತುವನ್ನೂ, ಒಂದು ಚಮಚವಾದರೂ, ಹೊಸ್ತಿಲ ಬಳಿ ಹಾಸಿದ ತಾಡಪತ್ರಿಯ ಮೇಲೆ ಇಡಿ. ಕಸವೋ ಅಲ್ಲವೋ ಎಂದು ಹೇಳುವವರು ಮನೆಯವರು. ಮುರಿದ ಬಳೆ ಪೆಟ್ಟಿಗೆ, ನೆನೆದ ಮದುವೆ ಫೋಟೊ, ದೇವರ ಜಗುಲಿಯ ಸಾಮಾನು ಮುಂತಾದವನ್ನು ನೀವು ಎಸೆಯಬಾರದು. ದೇವರ ಜಗುಲಿಯನ್ನು ಮನೆಯವರೇ ಮೊದಲು ಮುಟ್ಟಲಿ.

ಗಂಬೂಟಿಲ್ಲದೆ, ಕೈಗವಸಿಲ್ಲದೆ ರಾಡಿಗೆ ಇಳಿಯುವಂತಿಲ್ಲ. ಇಲಿಯ ಉಚ್ಚೆ ಬೆರೆತ ನೀರಿನಿಂದ ಇಲಿಜ್ವರ ಬರುತ್ತದೆ. ಕಾಲಿಗೆ ಗಾಯವಿದ್ದವರು ಅವತ್ತು ಪಟ್ಟಿ ಬರೆಯಲಿ. ರಾಡಿ ತೆಗೆದ ಮೇಲೆ ಬಾಗಿಲು ಕಿಟಕಿ ತೆರೆದು ನಾಲ್ಕೈದು ದಿನ ಒಣಗಲು ಬಿಡಬೇಕು, ಆಮೇಲೆ ಸುಣ್ಣ, ಸಾರಣೆ. ಹಸಿ ಗೋಡೆಗೆ ಸಿಮೆಂಟ್ ಗಿಲಾವು ಮಾಡಿಸಿಕೊಡಲು ಹೊರಡಬೇಡಿ. ಒಳಗಿನ ತೇವ ಹೊರಬರಲಾಗದೆ ಗೋಡೆ ಒಳಗೊಳಗೇ ಕರಗುತ್ತದೆ.

ಮನೆಗಳಿಗೂ ಮುಂಚೆ ಶಾಲೆ, ಅಂಗನವಾಡಿ ಸ್ವಚ್ಛ ಮಾಡಿದರೆ ಮಕ್ಕಳಿಗೆ ಒಂದು ಜಾಗ ಸಿಕ್ಕು ತಾಯಂದಿರ ಕೈ ಬಿಡುವಾಗುತ್ತದೆ. ಗುಡಿ, ದರ್ಗಾ, ಮಸೀದಿಯ ರಾಡಿ ತೆಗೆಯಲು ಕೇಳಿದರೆ ಸಂತೋಷದಿಂದ ಹೋಗಿ. ಅದು ಊರಿನ ನೋವಿನಲ್ಲಿ ಪಾಲು ತೆಗೆದುಕೊಳ್ಳುವ ಕೆಲಸ, ನಂಬಿಕೆಯ ರಾಜಿಯಲ್ಲ.

ಬಾವಿ ಮತ್ತು ಕುಡಿಯುವ ನೀರು

ಕುಡಿಯಲು, ಅಡುಗೆಗೆ, ಮೈ ಕೈ ತೊಳೆಯಲು ಸೇರಿ ತಲೆಗೆ ದಿನಕ್ಕೆ 15 ಲೀಟರ್ ಬೇಕು. 5,000 ಲೀಟರಿನ ಒಂದು ಟ್ಯಾಂಕರ್ 330 ಮಂದಿಗೆ ಸಾಲುತ್ತದೆ. ಟ್ಯಾಂಕ್ ಇಡುವ ಜಾಗ ಎಲ್ಲ ಕೇರಿಯವರೂ ಹಿಂಜರಿಯದೆ ಬರುವಂತಿರಲಿ. ಮೇಲಿನ ಓಣಿಯ ಗುಡಿಯ ಮುಂದೆ ಇಟ್ಟರೆ ಕೆಳಗಿನ ಕೇರಿಯವರು ಕೊಡ ಹಿಡಿದು ದೂರ ನಿಲ್ಲುತ್ತಾರೆ. ಬೇಕಾದರೆ ಎರಡು ಟ್ಯಾಂಕ್ ಇಡಿ, ಆದರೆ ಎರಡಕ್ಕೂ ಒಂದೇ ಟ್ಯಾಂಕರಿನ ನೀರು.

ತೆರೆದ ಬಾವಿಗೆ ನೆರೆ ನೀರು ಹೊಕ್ಕಿದ್ದರೆ ಮೊದಲು ಕದಡಿದ ನೀರು ಎತ್ತಿ ಹೊರಹಾಕಬೇಕು. ರಾಡಿ ನೀರಿಗೆ ಹಾಕಿದ ಬ್ಲೀಚಿಂಗನ್ನು ರಾಡಿಯೇ ತಿಂದುಬಿಡುತ್ತದೆ. ಪಂಪನ್ನು ಬಾವಿಯೊಳಗೆ ಇಳಿಸಬೇಡಿ, ಎಂಜಿನ್ನಿನ ಹೊಗೆ ಬಾವಿಯಲ್ಲಿ ತುಂಬಿ ಉಸಿರು ಕಟ್ಟುತ್ತದೆ. ಕಲ್ಲು ಕಟ್ಟಡವಿಲ್ಲದ ಬಾವಿಯಾದರೆ ಒಮ್ಮೆಗೇ ಖಾಲಿ ಮಾಡಬೇಡಿ. ಸುತ್ತಲ ನೆನೆದ ಮಣ್ಣಿಗೆ ಆಸರೆಯಾಗಿದ್ದ ನೀರು ಹೋದರೆ ದಡ ಒಳಗೆ ಕುಸಿಯುತ್ತದೆ. ಅರ್ಧ ತಾಸು ಎತ್ತಿ, ಅರ್ಧ ತಾಸು ಬಿಡಿ.

ಅಳತೆ ಹೀಗೆ: ಬಾವಿಯ ಅಡ್ಡಳತೆ ಮೀಟರಿನಲ್ಲಿ ಎಷ್ಟೋ ಅದನ್ನು ಅದರಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, ಮತ್ತೆ 785ರಿಂದ ಗುಣಿಸಿದರೆ ಲೀಟರ್ ಲೆಕ್ಕ ಬರುತ್ತದೆ. 3 ಮೀಟರ್ ಅಡ್ಡಳತೆ, 4 ಮೀಟರ್ ನೀರು ಇದ್ದರೆ ಸುಮಾರು 28,000 ಲೀಟರ್. ಸಾಮಾನ್ಯ ದಿನಗಳಲ್ಲಿ 1,000 ಲೀಟರಿಗೆ 2.5 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪೌಡರ್ ಸಾಕು, ಅಂದರೆ ಈ ಬಾವಿಗೆ 70 ಗ್ರಾಂ. ನೆರೆಯ ನಂತರ ಇಮ್ಮಡಿಯಿಂದ, 140 ಗ್ರಾಮಿನಿಂದ, ಶುರುಮಾಡಿ. ಪುಡಿಯನ್ನು ನೇರವಾಗಿ ಬಾವಿಗೆ ಸುರಿಯಬಾರದು. ಒಂದು ಬಕೆಟ್ಟಿಗೆ 100 ಗ್ರಾಮಿಗಿಂತ ಹೆಚ್ಚು ಹಾಕದೆ, ಸ್ವಲ್ಪ ನೀರಿನಲ್ಲಿ ಮೊಸರಿನಂತೆ ಕಲಸಿ, ಮುಕ್ಕಾಲು ಬಕೆಟ್ ನೀರು ಬೆರೆಸಿ ಹತ್ತು ನಿಮಿಷ ಬಿಡಿ. ಸುಣ್ಣ ತಳಕ್ಕೆ ಕೂಡುತ್ತದೆ. ಮೇಲಿನ ತಿಳಿಯನ್ನು ಮತ್ತೊಂದು ಬಕೆಟ್ಟಿಗೆ ಬಗ್ಗಿಸಿ, ಹಗ್ಗ ಕಟ್ಟಿ ಬಾವಿಯ ನೀರಿನೊಳಗೆ ಇಳಿಸಿ, ಮೇಲೆ ಕೆಳಗೆ ಜಗ್ಗಿ ಬೆರೆಸಿ. ತಳದ ಸುಣ್ಣ ಬಾವಿಗೆ ಬೇಡ, ನೀರು ಗಡುಸಾಗುತ್ತದೆ. ಒಂದು ತಾಸು ಯಾರೂ ನೀರು ಸೇದಬಾರದು.

ಆಮೇಲೆ ಕಿಟ್ಟಿನಿಂದ ಪರೀಕ್ಷಿಸಿ. ಲೀಟರಿಗೆ 0.5 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಇರದಿದ್ದರೆ ಮತ್ತೆ ಅಷ್ಟೇ ಹಾಕಿ, ಮತ್ತೆ ಒಂದು ತಾಸು. ಸಾಮಾನ್ಯವಾಗಿ ತಪ್ಪುವುದು ಪುಡಿಯ ವಿಷಯದಲ್ಲಿ. ಬಾಯಿ ತೆರೆದ ಚೀಲದಲ್ಲಿ ತಿಂಗಳುಗಟ್ಟಲೆ ಇದ್ದ ಬ್ಲೀಚಿಂಗಿನಲ್ಲಿ ಸುಣ್ಣವಷ್ಟೇ ಉಳಿದಿರುತ್ತದೆ. ಮೂಗಿಗೆ ಕಟುವಾದ ವಾಸನೆ ಬಾರದ ಪುಡಿ ಒಯ್ಯಬೇಡಿ. ಫಿನೈಲ್, ಕಕ್ಕಸು ತೊಳೆಯುವ ಆಸಿಡ್ ಜೊತೆ ಅದನ್ನು ಎಂದೂ ಬೆರೆಸಬೇಡಿ, ವಿಷಗಾಳಿ ಏಳುತ್ತದೆ.

ಕ್ಲೋರಿನ್ ವಾಸನೆಗೆ ಊರವರು ನೀರು ಚೆಲ್ಲುತ್ತಾರೆ. ಕೊಡದಲ್ಲಿ ಅರ್ಧ ತಾಸು ಬಿಟ್ಟು ಕುಡಿಯಲು ಹೇಳಿ, ಅವರ ಮುಂದೆ ನೀವೂ ಕುಡಿಯಿರಿ. ಹಾಗೆಂದು ರಾಯಚೂರು, ಕೊಪ್ಪಳ ಭಾಗದ ಎಷ್ಟೋ ಕೊಳವೆಬಾವಿಗಳಲ್ಲಿರುವ ಫ್ಲೋರೈಡು ಕ್ಲೋರಿನ್ನಿಗೂ ಹೋಗುವುದಿಲ್ಲ, ಕುದಿಸಿದರೂ ಹೋಗುವುದಿಲ್ಲ. ಪಂಚಾಯ್ತಿ ಬೇಡವೆಂದು ಗುರುತು ಹಾಕಿದ ಬೋರನ್ನು ನೆರೆಯ ಹೆಸರಲ್ಲಿ ಮತ್ತೆ ತೆರೆಯಬೇಡಿ.

ಹಗೇವು, ಕಾಳು, ದನ

ಹಗೇವಿಗೆ, ಅಂದರೆ ಕಾಳು ತುಂಬಿಡುವ ನೆಲದೊಳಗಿನ ಗುಂಡಿಗೆ, ನೀರು ಹೊಕ್ಕು ಜೋಳ ಹುದುಗಿದ್ದರೆ ಒಳಗೆ ಉಸಿರಾಡುವ ಗಾಳಿ ಇರುವುದಿಲ್ಲ, ಭಾರವಾದ ಕೆಟ್ಟ ಗಾಳಿ ತುಂಬಿರುತ್ತದೆ. ಇಳಿದವನು ಕೂಗುವುದಕ್ಕೂ ಮುಂಚೆ ಬೀಳುತ್ತಾನೆ, ಅವನನ್ನು ಎತ್ತಲು ಇಳಿದವನೂ ಬೀಳುತ್ತಾನೆ. ದೀಪ ಇಳಿಸಿ ನೋಡುವ ಹಳೆಯ ರೂಢಿಯನ್ನು ಪೂರ್ತಿ ನಂಬಬೇಡಿ. ಬಾಯಿ ತೆರೆದು ದೂರ ನಿಲ್ಲಿ. ಇಳಿಯಲೇಬೇಕಾದರೆ 112ಕ್ಕೆ ಕರೆ ಮಾಡಿ ಅಗ್ನಿಶಾಮಕ ದಳವನ್ನು ಕರೆಸಿ. ಬೂಸ್ಟು ಹಿಡಿದ ಕಾಳು, ಶೇಂಗಾ ಮಂದಿಗೂ ಬೇಡ, ದನಕ್ಕೂ ಬೇಡ. ಒಣಗಿಸಿದರೂ ಬೂಸ್ಟಿನ ವಿಷ ಹೋಗುವುದಿಲ್ಲ.

ಬಣವೆ ಕೊಚ್ಚಿಹೋದ ಊರಿಗೆ ಅಕ್ಕಿಗಿಂತ ಮೇವು ದೊಡ್ಡದು. ದೊಡ್ಡ ದನಕ್ಕೆ ದಿನಕ್ಕೆ 6 ಕಿಲೋ ಒಣಮೇವು ಹಿಡಿಯಿರಿ. ಐವತ್ತು ದನಕ್ಕೆ ಹತ್ತು ದಿನಕ್ಕೆ ಮೂರು ಟನ್, ಅಂದರೆ ಒಂದು ಲಾರಿ ಕಣಿಕೆ (ಜೋಳದ ಒಣ ದಂಟು). ನೆರೆ ಕಾಣದ ಊರುಗಳ ಸಭೆಗಳು ಅಕ್ಕಿಯ ಬದಲು ಕಣಿಕೆ ಕಳಿಸಿದರೆ ರೈತ ಎತ್ತು ಮಾರುವುದು ತಪ್ಪುತ್ತದೆ. ದನಗಳಿಗೆ ಬರುವ ಗಳಲೆ ರೋಗ, ಚಪ್ಪೆ ರೋಗದ ಲಸಿಕೆಗೆ ಪಶು ಆಸ್ಪತ್ರೆಯವರನ್ನು ಕರೆಸಿ.

ಜ್ವರ, ಭೇದಿ

ನರ್ಸ್ ಔಷಧ ಹಂಚುವ ಕೌಂಟರ್ ತೆರೆಯುವುದು ಬೇಡ. ಆಶಾ ಅವರ ಜೊತೆ ಮನೆ ಮನೆ ನೋಡಿ, ಭೇದಿ ಶುರುವಾದ ಮನೆಗೆ ಒಆರ್‌ಎಸ್ ಕೊಟ್ಟು, ಒಂದು ಪೊಟ್ಟಣಕ್ಕೆ ಅಳೆದು ಒಂದೇ ಲೀಟರ್ ನೀರು ಎಂದು ಕಲಸಿ ತೋರಿಸಲಿ. ಅರ್ಧ ಲೋಟಕ್ಕೆ ಇಡೀ ಪೊಟ್ಟಣ ಸುರಿದು ಕೊಟ್ಟರೆ ಮಗುವಿಗೆ ಅಪಾಯ. ಪೊಟ್ಟಣ ಇರದಿದ್ದರೆ ಲೀಟರ್ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಎರಡೂ ಮಟ್ಟಸವಾಗಿ. ಒಂದೇ ಓಣಿಯಲ್ಲಿ ಮೂರು ಮನೆಗೆ ಭೇದಿ ಬಂದರೆ ಅವತ್ತೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಗಂಜಿ ನೀರಿನಂತೆ ಭೇದಿ, ಒಳಗೆ ಹೋದ ಕಣ್ಣು, ನಿಂತ ಮೂತ್ರ ಕಂಡರೆ ಕಾಯಬಾರದು, 108.

ಪ್ರಾರ್ಥನೆ

ತಂಡದ ಪ್ರಾರ್ಥನೆ ಬೆಳಿಗ್ಗೆ ಐದೂವರೆಗೆ, ತಂಡ ಉಳಿದ ಜಾಗದಲ್ಲಿ, ಮೈಕಿಲ್ಲದೆ. ಸುವಾರ್ತೆ ಕರಪತ್ರ, ಬ್ಯಾನರು, ಸಭೆಯ ಹೆಸರು ಅಚ್ಚು ಹಾಕಿದ ಚೀಲ ಇವು ಊರಿಗೆ ಬರಬಾರದು. ಅಕ್ಕಿಯ ಜೊತೆ ಕರಪತ್ರ ಕೊಟ್ಟರೆ ತೆಗೆದುಕೊಳ್ಳುವವನಿಗೆ ಬೇಡ ಎನ್ನುವ ಸ್ವಾತಂತ್ರ್ಯ ಇರುವುದಿಲ್ಲ, ಸ್ವಾತಂತ್ರ್ಯವಿಲ್ಲದೆ ಕೇಳಿದ ಮಾತು ಸುವಾರ್ತೆಯೂ ಅಲ್ಲ. ನೆರವನ್ನು ಧರ್ಮದ ಪ್ರಚಾರಕ್ಕೆ ಬಳಸಬಾರದೆಂದು ರೆಡ್‌ಕ್ರಾಸ್ ಮತ್ತು ಸ್ವಯಂಸೇವಾ ಸಂಸ್ಥೆಗಳು 1994ರಲ್ಲಿ ಒಪ್ಪಿದ ನೀತಿಸಂಹಿತೆಯಲ್ಲೂ ಇದೆ. ಬಲಗೈ ಮಾಡಿದ್ದು ಎಡಗೈಗೆ ತಿಳಿಯಬಾರದು ಎಂಬುದು ಅದಕ್ಕೂ ಬಹಳ ಹಿಂದೆ ನಮಗೆ ಸಿಕ್ಕ ಅಪ್ಪಣೆ. ಯಾರಾದರೂ ತಾವಾಗಿ, "ನಮ್ಮ ಸಲುವಾಗಿ ಪ್ರಾರ್ಥನಾ ಮಾಡ್ರಿ" ಎಂದರೆ ಅವರ ಮನೆಯೊಳಗೆ ಕೂತು ಮೆಲ್ಲಗೆ ಮಾಡಿ. ಕೇಳದಿದ್ದರೆ ಕೂತು ಕೇಳಿಸಿಕೊಳ್ಳಿ. ದುಃಖದಲ್ಲಿರುವವರಿಗೆ ಇದು ದೇವರ ಪರೀಕ್ಷೆ, ಪಾಪದ ಫಲ ಎಂದು ಯಾರೂ ಹೇಳಕೂಡದು. ಹೇಳಿದವರನ್ನು ಅವತ್ತಿನ ಬಸ್ಸಿಗೆ ಊರಿಗೆ ಕಳಿಸಿ.

ಹೊರಡುವಾಗ, ಮತ್ತೆ ಬರುವಾಗ

ಆರನೇ ದಿನ ಬೆಳಿಗ್ಗೆ ಶಾಲೆಯ ಗೋಡೆಗೆ ಒಂದು ಹಾಳೆ ಅಂಟಿಸಿ: ಎಷ್ಟು ಹಣ ಬಂತು, ಯಾವುದಕ್ಕೆ ಎಷ್ಟು ಹೋಯಿತು, ಏನು ಉಳಿಯಿತು. ಸಲಿಕೆ, ಪುಟ್ಟಿ, ಕೈಗಾಡಿ ಊರಿನ ಸ್ವಸಹಾಯ ಸಂಘಕ್ಕೆ ಬಿಟ್ಟು ಬನ್ನಿ, ಉಳಿದ ಮನೆಗಳಿಗೆ ಅವು ಬೇಕು. ಕ್ಲೋರಿನ್ ಕಿಟ್ಟನ್ನು ಊರಿಗೆ ನೀರು ಬಿಡುವ ನೀರುಗಂಟಿಯ ಕೈಗೆ ಕೊಟ್ಟು, ಅವರೇ ಎರಡು ಬಾರಿ ಪರೀಕ್ಷೆ ಮಾಡುವವರೆಗೆ ಪಕ್ಕದಲ್ಲಿ ನಿಲ್ಲಿ.

ಹದಿನೈದು ದಿನ ಬಿಟ್ಟು ಮೂವರು ಮತ್ತೆ ಹೋಗಬೇಕು. ಪರಿಹಾರದ ಪಟ್ಟಿಯಲ್ಲಿ ಹೆಸರು ಬಿಟ್ಟುಹೋದ ಮನೆಗಳಿಗೆ ಅರ್ಜಿ ಬರೆದುಕೊಡಲು ಒಬ್ಬರು, ಬಾವಿಯ ನೀರು ನೋಡಲು ಒಬ್ಬರು. ಮೂರನೆಯವರು ಬಿತ್ತನೆಯ ಲೆಕ್ಕಕ್ಕೆ. ನೆರೆ ಸೆಪ್ಟೆಂಬರ್ ಕೊನೆಗೆ ಬಂದಿದ್ದರೆ ಹಿಂಗಾರಿಯ ಜೋಳ, ಕಡಲೆಗೆ ಇನ್ನೂ ಹೊತ್ತಿರುತ್ತದೆ. ಎಕರೆಗೆ ಜೋಳ 3 ಕಿಲೋ, ಕಡಲೆ 20ರಿಂದ 25 ಕಿಲೋ ಬೀಜ ಬೇಕು. ಹಸಿ ಎರೆಹೊಲಕ್ಕೆ ಟ್ರ್ಯಾಕ್ಟರ್ ಇಳಿಸಿದರೆ ನೆಲ ಗಟ್ಟಿಯಾಗಿ ಆ ವರ್ಷದ ಬೆಳೆಯೇ ಕೈತಪ್ಪುತ್ತದೆ, ಹದ ಬರುವವರೆಗೆ ಕಾಯಲಿ. ಬೀಜ ರೈತ ಸಂಪರ್ಕ ಕೇಂದ್ರದಿಂದ ರಸೀದಿ ಸಮೇತ ತನ್ನಿ. ನಿಮ್ಮ ಪಟ್ಟಿಯಲ್ಲಿ ಎರಡು ಎಕರೆಗಿಂತ ಕಡಿಮೆ ಇರುವವರಿಗೆ, ಹೊಲ ಲಾವಣಿಗೆ (ಗುತ್ತಿಗೆಗೆ) ಮಾಡುವವರಿಗೆ ಮೊದಲು ಮುಟ್ಟಿಸಿ. ಲಾವಣಿಗೆ ಮಾಡುವವರ ಹೆಸರಲ್ಲಿ ಪಹಣಿ ಇರುವುದಿಲ್ಲ, ಹಾಗಾಗಿ ಸರ್ಕಾರದ ಬೆಳೆ ಪರಿಹಾರ ಅವರಿಗೆ ಸಿಗುವುದು ಕಷ್ಟ.